ಎರಡು ಮಳೆಗಾಲ ಕಾಯುತ್ತಿದ್ದ ಚಾಚಾ

ಚಾಚಾ ತೀರಿಕೊಂಡ ಮರುವಾರವೇ ನಮ್ಮ ಬೈಲಹೊಂಗಲದ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಚಹಾದಂಗಡಿಯಲ್ಲಿ ಹಳೆಯ ಜಗಳ ಮತ್ತೆ ಶುರುವಾಯಿತು. ಈ ಸಲ ದೊಡವಾಡದಿಂದ ಆರಿಸಿ ತಂದ ಹುಡುಗನೊಬ್ಬ ಆಡಿದ ಪಂದ್ಯಗಳಲ್ಲೆಲ್ಲ ಚೆಂಡು ಕೈಬಿಟ್ಟಿದ್ದ. ಅವನನ್ನು ಇನ್ನೂ ಇಟ್ಟುಕೊಳ್ಳಬೇಕೋ, ಮನೆಗೆ ಕಳಿಸಬೇಕೋ ಎಂಬುದು ವಾದ. ಹತ್ತಿ ವ್ಯಾಪಾರಿ ಶಿವಾನಂದಪ್ಪ ಬಸಿಗೆ ಚಹಾ ಸುರಿದುಕೊಳ್ಳುತ್ತ, ಇಂಥವರನ್ನು ಮೊದಲ ತಿಂಗಳಲ್ಲೇ ಗುರುತಿಸಿ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಇನ್ನೊಬ್ಬ ಒಳ್ಳೆಯ ಹುಡುಗನ ಜಾಗ ಹಾಳಾಗುತ್ತದೆ ಎಂದ. ಅಷ್ಟು ಹೇಳಿ ಎಂದಿನಂತೆ ಸುಮ್ಮನಾದ, ಎದುರು ಮಾತಿಗೆ ಕಾಯುವವನ ಹಾಗೆ. ಎದುರು ಮಾತು ಬರಲಿಲ್ಲ. ಅದನ್ನು ಆಡಬೇಕಾದವರಿಗೆ ನಾವು ಹಿಂದಿನ ವಾರವಷ್ಟೇ ಮಣ್ಣು ಕೊಟ್ಟು ಬಂದಿದ್ದೆವು.

ಅವರ ನಿಜವಾದ ಹೆಸರು ಬೆಳಗಾವಿ ರಸ್ತೆಯಲ್ಲಿದ್ದ ಅವರ ಟಾಯರ್ ಅಂಗಡಿಯ ಬೋರ್ಡಿನ ಮೇಲೆ ಇತ್ತು. ಯಾರ ಬಾಯಲ್ಲೂ ಇರಲಿಲ್ಲ, ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಹುಡುಗರು ಚಾಚಾ ಎನ್ನುತ್ತಿದ್ದರು. ಹುಡುಗರ ತಂದೆಗಳೂ ಚಾಚಾ ಎನ್ನುತ್ತಿದ್ದರು. ನಾನು ಕೋರ್ಟಿನ ಎದುರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವನು. ಪಾಠ ಮಾಡುವಾಗ ಕಿಟಕಿಯಿಂದ ಆಟ ಕಾಣುತ್ತಿತ್ತು. ಹೀಗೆ ನೋಡುತ್ತಲೇ ಇದ್ದುದಕ್ಕೆ ಒಂದು ದಿನ ಅವರು ನನ್ನನ್ನು ತಂಡದ ಕಾರ್ಯದರ್ಶಿ ಮಾಡಿಬಿಟ್ಟರು. ಅರ್ಜಿ ಬರೆಯಲು ಒಬ್ಬರು ಬೇಕಿತ್ತು, ಅಷ್ಟೇ. ನನಗೆ ಚೆಂಡು ಹಿಡಿಯಲೂ ಬರುವುದಿಲ್ಲ.

ಅವರದು ದಪ್ಪ ಶರೀರ, ಮೋಟು ಗಡ್ಡ, ಕೈಬೆರಳ ಸಂದಿಯಲ್ಲಿ ಎಂದೂ ಹೋಗದ ಟಾಯರಿನ ಕರಿ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನೇರ ಕೋರ್ಟಿಗೆ ಬಂದು ಬುಟ್ಟಿಯ ಕಂಬಕ್ಕೆ ಒಂದು ಕೈ ಊರಿ ನಿಲ್ಲುತ್ತಿದ್ದರು. ಸೀಟಿ ಊದುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ತಪ್ಪು ಮಾಡಿದವನನ್ನು ಕರೆದು, ಅವನ ಹೆಗಲ ಮೇಲೆ ಕೈಯಿಟ್ಟು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಏನೋ ಹೇಳಿ ಕಳಿಸುತ್ತಿದ್ದರು. ಹುಡುಗ ಒಂದೋ ನಗುತ್ತ ಓಡುತ್ತಿದ್ದ, ಇಲ್ಲವೇ ಕಣ್ಣೊರೆಸಿಕೊಳ್ಳುತ್ತ ಓಡುತ್ತಿದ್ದ. ಏನು ಹೇಳುತ್ತೀರಿ ಎಂದು ಕೇಳಿದರೆ, ಅದು ನಮ್ಮಿಬ್ಬರ ಮಾತು ಎನ್ನುತ್ತಿದ್ದರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ತಂಡಗಳು ಸೇರಿ ವರ್ಷಕ್ಕೊಮ್ಮೆ ಪಂದ್ಯ ಕಟ್ಟುತ್ತವೆ. ಟೀವಿಯಲ್ಲಿ ಕಬಡ್ಡಿಯವರನ್ನು ನೋಡಿ ನಮ್ಮವರೂ ಒಂದು ಪದ್ಧತಿ ತಂದರು. ಬೇಸಿಗೆಯಲ್ಲಿ ನಾಲ್ಕೂ ತಾಲೂಕಿನ ಹೊಸ ಹುಡುಗರನ್ನು ಒಂದೆಡೆ ಸೇರಿಸುವುದು, ಹಿಂದಿನ ವರ್ಷ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಮೊದಲು ಆರಿಸುವುದು, ಆಮೇಲೆ ಸರದಿಯಂತೆ ಉಳಿದವರು. ಅಂದಿನಿಂದ ಚಹಾದಂಗಡಿಗೆ ವರ್ಷವಿಡೀ ಮಾತು ಸಿಕ್ಕಿತು. ಆರಿಸಿದ ಹುಡುಗ ಆಡಲಿಲ್ಲವೆಂದರೆ ಅವನನ್ನು ಎಲ್ಲಿಯವರೆಗೆ ಸಾಕಬೇಕು? ಒಂದು ಪಂದ್ಯ ನೋಡಿದರೆ ಸಾಕು ಎನ್ನುವವರಿದ್ದರು. ಒಂದು ವರ್ಷ ಎನ್ನುವವರಿದ್ದರು. ಚಾಚಾ ಮಾತ್ರ, "ಎರಡ ಮಳಿಗಾಲ ನೋಡ್ಬೇಕ್ರಿ. ಮೊದಲನೇದ್ರಾಗ ಹುಡುಗ ಅಂಜತಾನ, ಎರಡನೇದ್ರಾಗ ಆಡ್ತಾನ" ಎನ್ನುತ್ತಿದ್ದರು. ಅವರು ಧಾರವಾಡದಲ್ಲಿ ಓದುವಾಗ ಒಂದೇ ಪಂದ್ಯ ಕೆಟ್ಟಿತೆಂದು ಅವರನ್ನು ಕಾಲೇಜು ತಂಡದಿಂದ ತೆಗೆದಿದ್ದರಂತೆ. ಆ ವರ್ಷವೆಲ್ಲ ತಂತಿಬೇಲಿಯ ಹೊರಗೆ ನಿಂತು ನೋಡಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಒಮ್ಮೆ ಮಾತ್ರ, ಅದೂ ಟಾಯರಿಗೆ ಗಾಳಿ ಹಾಕುತ್ತ, ನನ್ನ ಮುಖ ನೋಡದೆ.

ಮಹಾಂತೇಶ ಬಂದದ್ದು ನಾವು ಕೊನೆಯ ಸ್ಥಾನಕ್ಕೆ ಬಿದ್ದ ಮರುವರ್ಷ. ಮೊದಲ ಆಯ್ಕೆ ನಮ್ಮದಾಗಿತ್ತು. ಸವದತ್ತಿಯ ಮೈದಾನದಲ್ಲಿ ಸಾಲಾಗಿ ನಿಂತ ಹುಡುಗರ ನಡುವೆ ಅವನೊಬ್ಬ ಬೇರೆಯೇ ಕಾಣುತ್ತಿದ್ದ. ಮನೋಳಿಯವನು, ಹತ್ತೊಂಬತ್ತರ ವಯಸ್ಸು, ಯಾವ ಬಾಗಿಲಲ್ಲೂ ತಲೆ ಬಗ್ಗಿಸದೆ ಒಳಗೆ ಹೋಗಲಾರದಷ್ಟು ಎತ್ತರ. ತೆಳುವಾದ ಮೈ, ಒಳಗೆ ಹೋದ ಎದೆ, ದಪ್ಪ ಗಾಜಿನ ಕನ್ನಡಕ. ಚಾಚಾ ಹುಡುಗರನ್ನು ಓಡಿಸಿ ನೋಡುವ ಮೊದಲು ಕೈ ನೋಡುತ್ತಿದ್ದರು. ಅವನ ಅಂಗೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು ಬೆರಳುಗಳನ್ನು ಬಿಡಿಸಿದರು. ಬೆರಳುಗಳು ಎಷ್ಟು ಉದ್ದವಿದ್ದವೆಂದರೆ ಚಾಚಾನ ಕೈ ಮಗುವಿನದರಂತೆ ಕಂಡಿತು. ನನ್ನ ಕಡೆ ತಿರುಗಿ, "ಸರ, ಬರೀರಿ ಇಂವನ ಹೆಸರ" ಎಂದರು.

ಮೊದಲ ಮಳೆಗಾಲ ಮಹಾಂತೇಶ ನಮಗೆ ಅವಮಾನವನ್ನಷ್ಟೇ ತಂದ. ಕೈಗೆ ಬಂದ ಚೆಂಡು ಎದೆಗೆ ಬಡಿಯುತ್ತಿತ್ತು, ಎದೆಗೆ ಬಂದದ್ದು ಮುಖಕ್ಕೆ. ಕಿತ್ತೂರಿನ ಪಂದ್ಯದಲ್ಲಿ ಜನ ಅವನನ್ನು ಒಂಟೆ ಎಂದು ಕೂಗಿದರು. ನಮ್ಮ ಚಹಾದಂಗಡಿಯಲ್ಲಿ ಶಿವಾನಂದಪ್ಪ ಅವನ ವಿರುದ್ಧ ಒಂದು ಪಕ್ಷವನ್ನೇ ಕಟ್ಟಿದ. ಅವನನ್ನು ತೆಗೆಯದಿದ್ದರೆ ಚಾಚಾನನ್ನೇ ತೆಗೆಯಬೇಕು ಎನ್ನುವ ತನಕ ಮಾತು ಹೋಯಿತು. ಚಾಚಾ ಕಂಬಕ್ಕೆ ಕೈ ಊರಿ ಎಲ್ಲವನ್ನೂ ಕೇಳಿಸಿಕೊಂಡು, ಇನ್ನೂ ಒಂದು ಮಳೆಗಾಲ ಬಾಕಿ ಇದೆ ಎಂದರು. ಹುಡುಗನಿಗೂ ಅದನ್ನೇ ಹೇಳಿದ್ದರು. ಅವನು ನಂಬಿದ್ದ. ದಿನವೂ ಮನೋಳಿಯಿಂದ ಬಸ್ಸು ಹಿಡಿದು ಬಂದು, ಎಲ್ಲರಿಗಿಂತ ಮೊದಲು ಕೋರ್ಟಿನ ಧೂಳು ಗುಡಿಸಿ ಕಾಯುತ್ತಿದ್ದ.

ಚೆಂಡು ಯಾಕೆ ಕೈತಪ್ಪುತ್ತದೆ ಎಂದು ಚಾಚಾ ಬಹಳ ದಿನ ಗಮನಿಸಿದರು. ಕೊನೆಗೆ, ಇವನ ಕೈ ಸರಿಯಿದೆ, ಕಣ್ಣು ಸರಿಯಿಲ್ಲ ಎಂದು ತೀರ್ಮಾನಿಸಿ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಹೊಸ ಕನ್ನಡಕ ಬರೆದುಕೊಟ್ಟರು. ಅಷ್ಟಕ್ಕೆ ಬಿಡದೆ ಹುಡುಗನ ಬೆರಳು ನೋಡಿದರು, ತೋಳು ಚಾಚಿಸಿ ನೋಡಿದರು, ನಿನ್ನ ತಂದೆ ಹೇಗಿದ್ದರು ಎಂದು ಕೇಳಿದರು. ತಂದೆಯೂ ಹೀಗೇ ಉದ್ದವಿದ್ದ, ತಾನು ಚಿಕ್ಕವನಿದ್ದಾಗಲೇ ಹೊಳೆಯ ಬದಿಯ ಹೊಲದಲ್ಲಿ ಪಂಪು ಚಾಲೂ ಮಾಡಲು ಹೋದವನು ಅಲ್ಲೇ ಬಿದ್ದು ಸತ್ತ ಎಂದು ಮಹಾಂತೇಶ ಹೇಳಿದ. ಡಾಕ್ಟರು ಚಾಚಾನನ್ನು ಬದಿಗೆ ಕರೆದು, ಇವನ ಎದೆಯನ್ನು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದರಂತೆ.

ತೋರಿಸುವುದು ತಡವಾಯಿತು. ಅಷ್ಟರಲ್ಲಿ ಎರಡನೆಯ ಮಳೆಗಾಲದ ಪಂದ್ಯಗಳು ಬಂದವು, ಹೊಸ ಕನ್ನಡಕ ಹಾಕಿದ ಮಹಾಂತೇಶ ಆಡಿದ. ಅಂದಿನ ಆಟವನ್ನು ನಾನು ಮರೆಯಲಾರೆ. ಸವದತ್ತಿಯವರ ಅಂಗಳದಲ್ಲೇ ಅವರ ಚೆಂಡುಗಳನ್ನು ಮೇಲಿಂದ ಮೇಲೆ ಹಿಡಿದ, ನೆಲ ಬಿಡದೆಯೇ ಎನ್ನುವಂತೆ ಬುಟ್ಟಿಗೆ ಹಾಕಿದ. ಒಂಟೆ ಎಂದು ಕೂಗಿದವರೇ ಎದ್ದು ನಿಂತರು. ಶಿವಾನಂದಪ್ಪ ಅವನನ್ನು ತಬ್ಬಿಕೊಂಡು, ನಾನು ಮೊದಲಿಂದಲೂ ಹೇಳುತ್ತಿದ್ದೆ ಎಂದ. ಮರಳಿ ಬರುವಾಗ ಜೀಪಿನಲ್ಲಿ ಹುಡುಗರು ಹಾಡು ಹೇಳುತ್ತಿದ್ದರು. ಚಾಚಾ ಮುಂದಿನ ಸೀಟಿನಿಂದ ಮತ್ತೆ ಮತ್ತೆ ಹಿಂದೆ ತಿರುಗಿ ಮಹಾಂತೇಶನನ್ನು ನೋಡುತ್ತಿದ್ದರು. ಮಾರನೆಯ ದಿನವೇ ಅವನನ್ನು ಬೆಳಗಾವಿಗೆ ಕರೆದುಕೊಂಡು ಹೋದರು.

ಅಲ್ಲಿಯ ಹೃದಯದ ಡಾಕ್ಟರು ಹೇಳಿದ್ದನ್ನು ಚಾಚಾ ಯಾರಿಂದಲೂ ಮುಚ್ಚಿಡಲಿಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗಿ ತೆಳುವಾಗಿದೆ, ಯಾವಾಗ ಬೇಕಾದರೂ ಬಿರಿಯಬಹುದು. ಆ ಎತ್ತರ, ಆ ಬೆರಳು, ಕೆಟ್ಟ ಕಣ್ಣು, ಒಳಗೆ ಹೋದ ಎದೆ, ಎಲ್ಲವೂ ಹುಟ್ಟಿನಿಂದ ಬಂದ ಒಂದೇ ರೋಗದ ಗುರುತುಗಳು. ಓಡಬಾರದು, ಭಾರ ಎತ್ತಬಾರದು, ದಿನದ ಗುಳಿಗೆ ತಪ್ಪಿಸಬಾರದು, ಮುಂದೆ ಆಪರೇಷನ್ ಆಗಬೇಕು. ಯಾವ ಕೈ ನೋಡಿ ನಾವು ಅವನನ್ನು ಆರಿಸಿದ್ದೆವೋ ಆ ಕೈಯನ್ನು ನೋಡಿಯೇ ಡಾಕ್ಟರು ಅವನನ್ನು ಆಟದಿಂದ ತೆಗೆದರು.

ಮಹಾಂತೇಶನಿಗೆ ಹೇಳುವಾಗ ಟಾಯರ್ ಅಂಗಡಿಯಲ್ಲಿ ನಾನೂ ಇದ್ದೆ. ಇನ್ನು ಮೇಲೆ ನೀನು ಆಡುವಂತಿಲ್ಲ, ನಾಳೆಯಿಂದ ತಂಡದಲ್ಲಿ ನಿನ್ನ ಹೆಸರು ಇರುವುದಿಲ್ಲ ಎಂದು ಚಾಚಾ ನೇರವಾಗಿ ಹೇಳಿದರು. ಹುಡುಗ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ.

"ಎರಡ ಮಳಿಗಾಲ ಅಂದಿದ್ರಿ ಚಾಚಾ. ಇನ್ನೂ ಎರಡನೇದ ಮುಗದಿಲ್ಲ."

"ಆ ಮಾತ ಆಡಾಕ ಬರದಾವ್ರಿಗಪಾ. ನಿನಗ ಆಡಾಕ ಬರ್ತೈತಿ."

"ಬಾರದಾಗ ಇಟ್ಕೊಂಡ್ರಿ. ಬಂದ ಮ್ಯಾಲ ಬಿಡಾಕ ಹತ್ತೀರಿ."

ಚಾಚಾ ಅವನ ಹೆಗಲ ಮೇಲೆ ಕೈಯಿಡಲು ಹೋದರು. ಅವನ ಹೆಗಲು ಅವರಿಗೆ ಎಂದೂ ಸುಲಭವಾಗಿ ಎಟುಕುತ್ತಿರಲಿಲ್ಲ, ಅವನೇ ಬಗ್ಗುತ್ತಿದ್ದ. ಅಂದು ಬಗ್ಗಲಿಲ್ಲ. ಪಾಯಿಂಟ್ ಬರೆಯುವ ಮೇಜಿಗೆ ಕೂಡು, ನನ್ನ ಜೊತೆಗೇ ಇರು, ಪ್ರತಿ ಊರಿಗೂ ಬಾ ಎಂದರು. ಮಹಾಂತೇಶ ಬೇಡವೆಂದು ತಲೆಯಾಡಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಊರು ಸಿಟ್ಟಾಯಿತು. ಸೋಲುವ ಹುಡುಗನನ್ನು ವರ್ಷಗಟ್ಟಲೆ ಸಾಕಿ, ಗೆಲ್ಲಿಸುವ ಹುಡುಗನನ್ನು ಬಿಡುವುದೆಂದರೆ ಏನರ್ಥ? ಡಾಕ್ಟರ ಮಾತನ್ನು ಯಾರೂ ಒಪ್ಪಲಿಲ್ಲ. ಡಾಕ್ಟರುಗಳು ಎಲ್ಲರಿಗೂ ಹೀಗೇ ಹೆದರಿಸುತ್ತಾರೆ ಎಂದರು. ಅವನು ದೊಡ್ಡವನಾದರೆ ತನ್ನ ಮಾತು ಕೇಳುವುದಿಲ್ಲ ಎಂದು ಚಾಚಾನಿಗೆ ಭಯ ಎಂದರು. ಇದಕ್ಕಿಂತ ಹೊಲಸಾದ ಮಾತುಗಳೂ ಬಂದವು, ಮನೋಳಿಯ ಹುಡುಗನನ್ನು ಇವರು ಯಾಕೆ ಬಿಟ್ಟರೆಂದು ಚಾಚಾನ ಜಾತಿ ಹಿಡಿದು ಮಾತಾಡಿದವರೂ ಇದ್ದರು. ಅದನ್ನು ಕೇಳಿಸಿಕೊಂಡ ದಿನ ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಆದರೆ ಮರುದಿನ ಮತ್ತೆ ಬಂದು ಕಂಬಕ್ಕೆ ಕೈ ಊರಿ ನಿಂತರು.

ತಿಂಗಳೊಳಗೆ ಸುದ್ದಿ ಬಂತು, ಮಹಾಂತೇಶನನ್ನು ರಾಮದುರ್ಗದವರು ತಮ್ಮ ತಂಡಕ್ಕೆ ತೆಗೆದುಕೊಂಡಿದ್ದಾರೆ. ನಾವು ಬಿಟ್ಟವನನ್ನು ಯಾರು ಬೇಕಾದರೂ ಕರೆಯಬಹುದಿತ್ತು. ಚಾಚಾ ಅಂದೇ ಅಂಗಡಿ ಮುಚ್ಚಿ ನನ್ನನ್ನು ಕರೆದುಕೊಂಡು ರಾಮದುರ್ಗದ ಬಸ್ಸು ಹತ್ತಿದರು. ಆ ತಂಡ ನೋಡಿಕೊಳ್ಳುತ್ತಿದ್ದವರು ಒಬ್ಬ ಗುತ್ತಿಗೆದಾರರು. ಕೂರಿಸಿ, ಒಗ್ಗರಣೆ ಅವಲಕ್ಕಿ, ಚಹಾ ತರಿಸಿ, ಚಾಚಾ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ತಮ್ಮೂರಿನ ಡಾಕ್ಟರರೂ ಎದೆಗೆ ನಳಿಗೆ ಇಟ್ಟು ನೋಡಿದ್ದಾರೆ, ಏನೂ ಇಲ್ಲ ಎಂದಿದ್ದಾರೆ ಎಂದರು. ಕೊನೆಗೆ ನಗುತ್ತಲೇ, "ಸಾಹೇಬ್ರ, ನೀವು ಬಿಟ್ಟ ಮ್ಯಾಲ ನಾವು ತೊಗೊಂಡೇವಿ. ಬಿಟ್ಟಾವ್ರಿಗೆ ಅಂವನ ಚಿಂತಿ ಯಾಕ್ರಿ?" ಎಂದರು. ಚಾಚಾ ಅವಲಕ್ಕಿಯ ತಟ್ಟೆಯನ್ನು ಹಾಗೇ ಸರಿಸಿದರು. ನಾನು ಅವರ ಜೊತೆ ಕಳೆದ ವರ್ಷಗಳಲ್ಲಿ ಅವರು ಯಾರ ಮನೆಯಲ್ಲೂ ಅನ್ನ ಹೀಗೆ ಬಿಟ್ಟದ್ದನ್ನು ಕಂಡಿರಲಿಲ್ಲ.

ಮರಳುವಾಗ ಮನೋಳಿಯಲ್ಲಿ ಇಳಿದೆವು. ಮಹಾಂತೇಶ ಮನೆಯಲ್ಲೇ ಇದ್ದ. ಹಿತ್ತಲಲ್ಲಿ ಹುಲ್ಲು ಕೊಯ್ಯುತ್ತಿದ್ದ ತಾಯಿ ಕೈತೊಳೆದುಕೊಂಡು ಬಂದು ಚಾಪೆ ಹಾಸಿದಳು. ಗುಳಿಗೆ ತೆಗೆದುಕೊಳ್ಳುತ್ತೀಯಾ ಎಂದು ಚಾಚಾ ಕೇಳಿದರು. "ಅದನ್ನ ತೊಗೊಂಡ್ರ ಓಡಾಕ ಆಗೂದಿಲ್ರಿ, ಕಾಲ ಜಡ ಆಗತಾವು. ಅದಕ್ಕ ಬಿಟ್ಟೇನಿ" ಎಂದು ಅವನು ಗೋಡೆಗೆ ಹೇಳುವಂತೆ ಹೇಳಿದ. ಚಾಚಾ ತಾಯಿಗೆ ಎಲ್ಲವನ್ನೂ ಮತ್ತೆ ವಿವರಿಸಿದರು. ಗಂಡ ಹೇಗೆ ಸತ್ತನೆಂಬುದನ್ನು ಆಕೆಗೆ ನೆನಪು ಮಾಡಿಕೊಟ್ಟರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಆಕೆ ನಂಬಿದಳು ಎಂದೇ ನನಗೆ ಅನ್ನಿಸಿತು. ಆದರೆ ಮಗ ಹೊರಗೆ ಹೋದ ಮೇಲೆ ಆಕೆ ಹೇಳಿದ್ದು ಬೇರೆಯೇ.

"ಸಾಲ್ಯಾಗ ಅಂವನ್ನ ಆಡಸ್ಕೋತಿದ್ರು, ಓಣ್ಯಾಗ ಆಡಸ್ಕೋತಿದ್ರು. ಬಗ್ಗಿ ಬಗ್ಗಿ ನಡೀತಿದ್ದಾ. ಈಗ ಸೆಟದು ನಡ್ಯಾಕ ಹತ್ಯಾನ್ರಿ, ಅಣ್ಣಾರ."

  ಬಸ್ಸಿನಲ್ಲಿ ಚಾಚಾ ದಾರಿಯುದ್ದಕ್ಕೂ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

ಆ ವರ್ಷ ರಾಮದುರ್ಗದವರು ಗೆದ್ದರು. ಕೊನೆಯ ಪಂದ್ಯ ನಮ್ಮ ಮೇಲೇ. ಮಹಾಂತೇಶ ನಮ್ಮ ಹುಡುಗರ ತಲೆಯ ಮೇಲಿಂದ ಚೆಂಡು ಕಸಿದುಕೊಂಡು ಹಾಕುವಾಗ ಚಾಚಾ ನೋಡುತ್ತಿದ್ದುದು ಚೆಂಡನ್ನಲ್ಲ, ಅವನ ಎದೆಯನ್ನು. ಅವನು ಓಡಿ ಬಂದು ನಿಂತಾಗಲೆಲ್ಲ ಇವರು ಉಸಿರು ಬಿಗಿಹಿಡಿಯುತ್ತಿದ್ದರು. ಪಂದ್ಯ ಮುಗಿದಾಗ ನಮ್ಮ ಕಡೆಯವರೆಲ್ಲ ಸೋಲಿನ ಸಂಕಟದಲ್ಲಿದ್ದರೆ, ಇವರೊಬ್ಬರೇ ಶುಕ್ರ್ ಎಂದು ದೇವರಿಗೆ ಕೃತಜ್ಞತೆ ಹೇಳಿದರು. ಶಿವಾನಂದಪ್ಪ ಅದನ್ನು ಕೇಳಿ, ಸೋತಿದ್ದಕ್ಕೆ ಶುಕ್ರ್ ಹೇಳುವ ಕೋಚನ್ನು ಇಲ್ಲೇ ನೋಡಿದೆ ಎಂದು ಎಲ್ಲರ ಎದುರಿಗೆ ಅಂದ. ಮಹಾಂತೇಶ ದೂರದಿಂದ ಇವರನ್ನು ನೋಡಿದ, ಹತ್ತಿರ ಬರಲಿಲ್ಲ.

ಅವನು ಸತ್ತದ್ದು ಆಟವಾಡುವಾಗ ಅಲ್ಲ. ಪಂದ್ಯಗಳೆಲ್ಲ ಮುಗಿದು, ಬಿಳಿಜೋಳ ತೆನೆ ಹಿಡಿಯುತ್ತಿದ್ದ ಕಾಲ. ಮುಂಜಾನೆ ಮನೆಯ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದವನು ಬೆನ್ನಲ್ಲಿ ಏನೋ ಹರಿದಂತಾಯಿತು ಎಂದು ತಾಯಿಯನ್ನು ಕರೆದನಂತೆ. ಪಕ್ಕದ ಮನೆಯವರ ಟೆಂಪೊದಲ್ಲಿ ಮಲಗಿಸಿಕೊಂಡು ಸವದತ್ತಿಗೆ ಹೊರಟರು. ಅವನ ಕಾಲುಗಳು ಹೊರಗೆ ಚಾಚಿದ್ದವಂತೆ. ಆಸ್ಪತ್ರೆ ಮುಟ್ಟಲಿಲ್ಲ.

ನಾವು ಹೋದಾಗ ಅವನನ್ನು ಅವರ ಪದ್ಧತಿಯಂತೆ ಜಗುಲಿಯಲ್ಲಿ ಕೂರಿಸಿದ್ದರು. ಕುಳಿತರೂ ಅವನು ನಿಂತ ಚಾಚಾನ ಎದೆಮಟ್ಟಕ್ಕೆ ಬರುತ್ತಿದ್ದ. ಚಾಚಾ ಮೊದಲ ಸಲ ಅವನು ಬಗ್ಗದೆಯೇ ಅವನ ಹೆಗಲ ಮೇಲೆ ಕೈಯಿಟ್ಟರು. ಬಾಗಿ ಕಿವಿಯ ಹತ್ತಿರ ಏನೋ ಹೇಳಿದರು. ತಾಯಿ ಒಳಗೆ ಹೆಂಗಸರ ನಡುವೆ ಇದ್ದಳು, ಹೊರಗೆ ಬರಲಿಲ್ಲ.

ಚಹಾದಂಗಡಿ ಆಗಲೂ ಎರಡು ಪಕ್ಷವಾಯಿತು. ಆಡುವಾಗ ಸತ್ತಿಲ್ಲವಲ್ಲ, ಹಾಗಾದರೆ ಆಟದ ತಪ್ಪೇನು ಎಂದರು ಕೆಲವರು. ಆಡಿ ಆಡಿಯೇ ನಾಳ ಸವೆಯಿತು ಎಂದರು ಇನ್ನು ಕೆಲವರು. ಚಾಚಾ ಕೈಬಿಟ್ಟ ಕೊರಗಿನಿಂದ ಸತ್ತ ಎಂದವರೂ ಇದ್ದರು. ಶಿವಾನಂದಪ್ಪ ಹಲವು ದಿನ ಬರಲಿಲ್ಲ. ಬಂದ ದಿನ ಎಲ್ಲರ ಎದುರಿಗೆ ಚಾಚಾನ ಹತ್ತಿರ ಹೋಗಿ, ನೀವು ಹೇಳಿದ್ದೇ ಸರಿಯಿತ್ತು ಎಂದು ಕೈಮುಗಿದ. ದೊಡ್ಡ ಮನಸ್ಸಿನ ಮಾತೇ ಅದು. ಚಾಚಾ ಅವನ ಕೈಗಳನ್ನು ಹಿಡಿದು ಕೆಳಗಿಳಿಸಿ, "ಸರಿ ಆಗಿದ್ದನ್ನ ತೊಗೊಂಡು ನಾ ಏನ ಮಾಡ್ಲಿ, ಶಿವಾನಂದಪ್ಪಾ" ಎಂದರು.

ಅವರು ತಂಡ ಬಿಡಲಿಲ್ಲ. ಬಿಡುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಹೊಸ ಹುಡುಗರು ಬಂದರು, ಜಗಳಗಳು ನಡೆದವು, ಇವರು ಎರಡು ಮಳೆಗಾಲ ಎನ್ನುತ್ತಲೇ ಇದ್ದರು. ಆದರೆ ಆರಿಸುವಾಗ ಯಾರ ಕೈಯನ್ನೂ ಮುಟ್ಟಿ ನೋಡುತ್ತಿರಲಿಲ್ಲ. ಆರಿಸಿದವರನ್ನೆಲ್ಲ ಮೊದಲು ಬೆಳಗಾವಿಗೆ ಕರೆದುಕೊಂಡು ಹೋಗಿ ಎದೆ ತೋರಿಸಿಕೊಂಡು ಬರುತ್ತಿದ್ದರು. ಬೈಲಹೊಂಗಲದವರು ಆಟಗಾರರನ್ನು ಹುಡುಕುತ್ತಾರೋ ರೋಗಿಗಳನ್ನೋ ಎಂದು ಕಿತ್ತೂರಿನವರು ನಗುತ್ತಿದ್ದರು.

ಸಕ್ಕರೆ ಕಾಯಿಲೆಯಿಂದ ಅವರ ಕಾಲು ಕೆಟ್ಟು ಹಾಸಿಗೆ ಹಿಡಿದ ಮೇಲೆ ನಾನು ಸಂಜೆ ಹೋಗಿ ಕೂರುತ್ತಿದ್ದೆ. ಕೋರ್ಟಿನ ಸುದ್ದಿ ಹೇಳುತ್ತಿದ್ದೆ. ಒಂದು ದಿನ ನಡುವೆಯೇ ನನ್ನನ್ನು ತಡೆದು, "ಸರ, ನಾ ಅಂವನ್ನ ಬಿಟ್ಟಿದ್ದು ಆಟದಿಂದ. ಅಂವ ತಿಳಕೊಂಡಿದ್ದು ನಾನ ಅಂವನ್ನ ಬಿಟ್ಟೆ ಅಂತ" ಎಂದರು. ಹಾಗಲ್ಲ, ಅವನಿಗೆ ತಿಳಿದಿತ್ತು ಎಂದು ನಾನು ಹೇಳಬಹುದಿತ್ತು. ಅವರ ಎದುರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮೇಜಿಗೆ ಕೂಡು ಎನ್ನುವ ಬದಲು ಅಂದು ಅವನ ಜೊತೆ ಮನೋಳಿಗೆ ಹೋಗಿ ನಾಲ್ಕು ದಿನ ಅವರ ಮನೆಯಲ್ಲೇ ಇರಬೇಕಿತ್ತು ಎಂದರು. ಆಮೇಲೆ ಗೋಡೆಯ ಕಡೆ ಹೊರಳಿದರು.

ಚಾಚಾನ ಮಣ್ಣಾದ ಮೂರನೆಯ ದಿನ ನಾನು ಅವರ ಮನೆಯ ಅಂಗಳದಲ್ಲಿ ಗಂಡಸರ ಜೊತೆ ಕುಳಿತಿದ್ದೆ. ಶಿವಾನಂದಪ್ಪನೂ ಇದ್ದ. ಮನೋಳಿಯಿಂದ ಮಹಾಂತೇಶನ ತಾಯಿ ಒಬ್ಬಳೇ ಬಂದಳು. ಆಕೆಯನ್ನು ಗುರುತಿಸಿದವನು ನಾನೊಬ್ಬನೇ. ಆಕೆ ಯಾರೊಂದಿಗೂ ಮಾತಾಡದೆ ಬಾಗಿಲ ಬಳಿ ಚಪ್ಪಲಿ ಕಳಚಿ, ಒಳಗೆ ಚಾಚಾನ ಹೆಂಡತಿಯ ಪಕ್ಕದಲ್ಲಿ ಕುಳಿತಳು. ಬಾಗಿಲು ತೆರೆದೇ ಇತ್ತು. ನೀವು ಯಾರು, ನಮ್ಮವರು ನಿಮಗೆ ಹೇಗೆ ಪರಿಚಯ ಎಂದು ಅವರು ಕೇಳಿದ್ದು ನಮಗೆಲ್ಲ ಕೇಳಿಸಿತು. ಆಕೆ ಹೇಳಿದಳು.

"ನನಗೊಬ್ಬ ಮಗ ಇದ್ದಾರಿ. ನಾಕೂ ಊರಾವ್ರು ಅಂವ ಬೇಕು ಬೇಕು ಅಂದ್ರು. ಬ್ಯಾಡ ಅಂದಾವ್ರು ಇವ್ರೊಬ್ರ."